ಬಹುವಚನ, ವಿಲ್, ಪ್ರಿಪೊಸಿಷನ್: ಮೂರನ್ನೂ ಒಂದೇ ಇಂಗ್ಲಿಷ್ ವಾಕ್ಯದಲ್ಲಿ ಕೂಡಿಸುವುದು ಹೇಗೆ

"ದಿ ಬಾಯ್ ವಿಲ್ ಕಮ್." "ದಿ ಬಾಯ್ಸ್ ವಿಲ್ ಕಮ್." ಒಬ್ಬ ಹುಡುಗ ಬಂದರೂ ಹತ್ತು ಹುಡುಗರು ಬಂದರೂ ಇಂಗ್ಲಿಷಿನ ಕ್ರಿಯಾಪದ ಇದ್ದ ಹಾಗೇ ಇದೆ. ಕನ್ನಡದಲ್ಲಿ ಹಾಗಲ್ಲ. ಬರುವನು, ಬರುವಳು, ಬರುವರು, ಬರುವುದು, ಬರುವುವು ಎಂದು ಲಿಂಗ, ವಚನ ನೋಡಿಕೊಂಡು ಕ್ರಿಯಾಪದದ ಬಾಲ ಬದಲಾಗುತ್ತದೆ. ನಾಮಪದದಲ್ಲಿ ಏನಾದರೂ ತಪ್ಪಿದರೂ ಕ್ರಿಯಾಪದ ಅದನ್ನು ಸರಿದೂಗಿಸಿಬಿಡುತ್ತದೆ. ವಿಲ್ ಬಳಸಿದ ಇಂಗ್ಲಿಷ್ ವಾಕ್ಯದಲ್ಲಿ ಈ ಆಸರೆ ಇಲ್ಲ. ಒಬ್ಬರೋ ಹಲವರೋ ಎಂದು ತಿಳಿಸುವ ಹೊಣೆಯೆಲ್ಲ ನಾಮಪದದ ಕೊನೆಯ ಒಂದು 'ಎಸ್' ಮೇಲೆ ಬೀಳುತ್ತದೆ. ಅದನ್ನು ನುಂಗಿದರೆ ಕೇಳುವವರಿಗೆ ಬೇರೆ ಸುಳಿವೇ ಸಿಗದು.

ಆದ್ದರಿಂದ ವಿಲ್ ಇರುವಾಗ ನಿಮ್ಮ ಗಮನವೆಲ್ಲ ನಾಮಪದದ ಮೇಲಿರಲಿ. ವಿಲ್ ಬಿಟ್ಟು ಬೇರೆ ರೀತಿಯಲ್ಲಿ ಭವಿಷ್ಯ ಹೇಳುವಾಗ ನಾಮಪದ, ಕ್ರಿಯಾಪದ ಎರಡರ ಮೇಲೂ ಇರಲಿ. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಇದರದ್ದೇ ವಿಸ್ತಾರ. ಉದಾಹರಣೆಗಳನ್ನು ಗಟ್ಟಿಯಾಗಿ ಓದಿಕೊಳ್ಳಿ. ಎಸ್ ಬಿಟ್ಟುಹೋಗುವುದು ಬರೆಯುವಾಗಿನದಕ್ಕಿಂತ ಮಾತಾಡುವಾಗಲೇ ಹೆಚ್ಚು.

ಮೊದಲು ನಾಮಪದ

ಎರಡು ಪುಸ್ತಕ, ಹತ್ತು ದಿನ, ಮೂರು ಬಸ್ಸು. ಸಂಖ್ಯೆ ಹೇಳಿದ ಮೇಲೆ 'ಗಳು' ಸೇರಿಸದಿದ್ದರೂ ಕನ್ನಡಕ್ಕೆ ನಡೆಯುತ್ತದೆ. ಮಾತಿನಲ್ಲಂತೂ ಸೇರಿಸಿದರೇ ಕೃತಕವಾಗಿ ಕೇಳಿಸುತ್ತದೆ. 'ಟೂ ಬುಕ್', 'ಟೆನ್ ಡೇ' ಎಂಬ ತಪ್ಪು ಹುಟ್ಟುವುದು ಇಲ್ಲಿಂದಲೇ. ಇಂಗ್ಲಿಷಿನಲ್ಲಿ ಸಂಖ್ಯೆ ಎರಡಕ್ಕೇರಿದ ಕೂಡಲೇ ಎಸ್ ಕಡ್ಡಾಯ: ಟೂ ಬುಕ್ಸ್, ಟೆನ್ ಡೇಸ್, ತ್ರೀ ಬಸಸ್.

'ಈ' ಮತ್ತು 'ಆ' ಕೂಡ ಹೀಗೇ ಕಾಡುತ್ತವೆ. 'ಈ ಕೋಣೆ', 'ಈ ಕೋಣೆಗಳು' ಎರಡಕ್ಕೂ ಕನ್ನಡದಲ್ಲಿ ಒಂದೇ 'ಈ'. ಇಂಗ್ಲಿಷಿನಲ್ಲಿ 'ದಿಸ್ ರೂಮ್', 'ದೀಸ್ ರೂಮ್ಸ್'. 'ದಟ್ ರೂಮ್', 'ದೋಸ್ ರೂಮ್ಸ್'. ಮುಂದೆ ಪ್ರಿಪೊಸಿಷನ್ (ಇನ್, ಆನ್, ಅಟ್ ತರಹದ ಪದ) ಬಂದು ಕೂತಾಗ ಈ ತಪ್ಪು ಇನ್ನೂ ಸುಲಭವಾಗಿ ನುಸುಳುತ್ತದೆ. 'ದೇ ವಿಲ್ ಸ್ಟೇ ಇನ್ ದಿಸ್ ರೂಮ್ಸ್' ಎನ್ನುವವರು ಬಹಳ. ಸರಿಯಾದದ್ದು 'ಇನ್ ದೀಸ್ ರೂಮ್ಸ್'. ದಿಸ್ ಹ್ರಸ್ವ, ದೀಸ್ ದೀರ್ಘ. ಬಾಯಲ್ಲೂ ಆ ವ್ಯತ್ಯಾಸ ಕಾಣಿಸಬೇಕು.

ಎಸ್ ಇಲ್ಲದ ಬಹುವಚನಗಳು ದಿನಬಳಕೆಯಲ್ಲಿ ಬೆರಳೆಣಿಕೆಯಷ್ಟೇ: ಮೆನ್, ಚಿಲ್ಡ್ರನ್, ಫೀಟ್, ಟೀತ್, ಪೀಪಲ್. ವುಮನ್ ಎಂಬುದರ ಬಹುವಚನದ ಉಚ್ಚಾರ 'ವಿಮಿನ್'. ಬರಹದಲ್ಲಿ ಬದಲಾಗುವುದು ಎರಡನೆಯ ಸ್ವರವಾದರೂ ಬಾಯಲ್ಲಿ ಎದ್ದು ಕಾಣುವುದು ಮೊದಲನೆಯದರ ಬದಲಾವಣೆ. ನಾವು ಕನ್ನಡ ಮಾತಿನ ನಡುವೆ 'ಫ್ರೆಂಡ್ಸ್‌ಗಳು', 'ಶೂಸ್‌ಗಳು' ಎಂದು ಆಡಿ ಆಡಿ ಬಹುವಚನಕ್ಕೇ ಮತ್ತೊಂದು ಬಹುವಚನ ಹಚ್ಚುವ ಅಭ್ಯಾಸ ಮಾಡಿಕೊಂಡಿದ್ದೇವೆ. ಅದೇ ಅಭ್ಯಾಸ ಇಂಗ್ಲಿಷಿಗೂ ಹೊಕ್ಕು 'ಚಿಲ್ಡ್ರನ್ಸ್ ವಿಲ್ ಪ್ಲೇ' ಆಗುತ್ತದೆ. ಚಿಲ್ಡ್ರನ್ ಎಂದರೇ ಮಕ್ಕಳು, ಅಲ್ಲಿಗೆ ಮುಗಿಯಿತು.

ಇದಕ್ಕೆ ತದ್ವಿರುದ್ಧವಾಗಿ ಎಸ್ ಹಚ್ಚಲೇಬಾರದ ಪದಗಳಿವೆ: ಫರ್ನಿಚರ್, ಲಗೇಜ್, ಇನ್ಫರ್ಮೇಷನ್, ಅಡ್ವೈಸ್, ಇಕ್ವಿಪ್ಮೆಂಟ್, ಹೋಮ್‌ವರ್ಕ್. ಸಾಮಾನುಗಳು, ಸಲಹೆಗಳು ಎಂದು ನಾವು ಎಣಿಸುವುದರಿಂದ 'ಲಗೇಜಸ್', 'ಅಡ್ವೈಸಸ್' ಬಾಯಿಗೆ ಬಂದುಬಿಡುತ್ತವೆ. ಎಣಿಸಲೇಬೇಕಿದ್ದರೆ 'ತ್ರೀ ಪೀಸಸ್ ಆಫ್ ಲಗೇಜ್' ಎನ್ನಿ. ಎಸ್ ಬೀಳುವುದು ಪೀಸ್ ಮೇಲೆ, ಲಗೇಜ್ ಮೇಲಲ್ಲ.

ಇನ್ನೊಂದು ಜಾಗ 'ಒನ್ ಆಫ್'. 'ಒನ್ ಆಫ್ ಮೈ ಫ್ರೆಂಡ್ ವಿಲ್ ಹೆಲ್ಪ್ ಯೂ' ಎನ್ನುವಾಗ ತಲೆಯಲ್ಲಿರುವುದು ಒಬ್ಬನೇ ಗೆಳೆಯ, ಹಾಗಾಗಿ ಎಸ್ ಏಕೆ ಬೇಕು ಅನಿಸುತ್ತದೆ. ಗೆಳೆಯರ ಗುಂಪಿನಿಂದ ಒಬ್ಬನನ್ನು ಆರಿಸುತ್ತಿದ್ದೀರಿ. 'ಆಫ್' ಆದ ಮೇಲೆ ಬರುವುದು ಆ ಗುಂಪು. 'ಒನ್ ಆಫ್ ಮೈ ಫ್ರೆಂಡ್ಸ್'. 'ಈಚ್ ಆಫ್ ದಿ ರೂಮ್ಸ್', 'ಮೆನಿ ಆಫ್ ದಿ ಲೆಟರ್ಸ್' ಕೂಡ ಇದೇ ಲೆಕ್ಕ. ಆದರೆ 'ಈಚ್', 'ಎವೆರಿ' ನೇರವಾಗಿ ನಾಮಪದದ ಮುಂದೆ ಬಂದರೆ ಏಕವಚನ: ಈಚ್ ರೂಮ್, ಎವೆರಿ ಲೆಟರ್.

ವಿಲ್ ಬಂದ ಮೇಲೆ

ಇಲ್ಲಿ ಕಲಿಯುವುದು ಕಡಿಮೆ. ವಿಲ್ ಆದ ಮೇಲೆ ಕ್ರಿಯಾಪದದ ಮೂಲರೂಪ, ಅಷ್ಟೇ. 'ವಿಲ್ ಕಮ್ಸ್', 'ವಿಲ್ ಕೇಮ್', 'ವಿಲ್ ಟು ಕಮ್' ಮೂರೂ ತಪ್ಪು. 'ವಿಲ್ ಕ್ಯಾನ್' ಎಂಬುದಿಲ್ಲ, 'ವಿಲ್ ಬಿ ಏಬಲ್ ಟು' ಎನ್ನಬೇಕು. 'ವಿಲ್ ಮಸ್ಟ್' ಕೂಡ ಇಲ್ಲ, 'ವಿಲ್ ಹ್ಯಾವ್ ಟು'. ಪ್ರಶ್ನೆಗೆ ವಿಲ್ ಮುಂದಕ್ಕೆ ಬರುತ್ತದೆ: 'ವಿಲ್ ದಿ ಗೆಸ್ಟ್ಸ್ ಸ್ಟೇ ಇನ್ ದೀಸ್ ರೂಮ್ಸ್?' ನಿರಾಕರಣೆಗೆ 'ವೋಂಟ್'.

'ಇರುತ್ತವೆ' ಎಂದು ವಾಕ್ಯ ಮುಗಿಯುವಲ್ಲಿ, 'ಆ ಮೇಜುಗಳ ಮೇಲೆ ಪುಸ್ತಕಗಳಿರುತ್ತವೆ' ಎಂಬಂಥ ಕಡೆ, ಇಂಗ್ಲಿಷ್ 'ದೇರ್ ವಿಲ್ ಬಿ' ಇಂದ ಶುರುವಾಗುತ್ತದೆ: 'ದೇರ್ ವಿಲ್ ಬಿ ಬುಕ್ಸ್ ಆನ್ ದೋಸ್ ಟೇಬಲ್ಸ್'. ಒಂದು ಪುಸ್ತಕವಾದರೆ 'ದೇರ್ ವಿಲ್ ಬಿ ಎ ಬುಕ್'. ವಿಲ್ ಬಿ ಬದಲಾಗಲಿಲ್ಲ, ಬದಲಾದದ್ದು ಪುಸ್ತಕ ಮಾತ್ರ. ಬಹುವಚನದ ಮುಂದೆ 'ಎ' ಹಾಕಬೇಡಿ. 'ಎ ಬುಕ್ಸ್' ಎಂಬುದು ಯಾವ ಕಾಲದಲ್ಲೂ ಇಲ್ಲ.

ವಿಲ್ ಕೈಬಿಡುವ ನಾಲ್ಕು ಕಡೆ

ನಿಜವಾದ ಕಷ್ಟ ಇಲ್ಲಿ. ಮುಂದೆ ಆಗುವುದನ್ನು ಹೇಳಲು ಇಂಗ್ಲಿಷ್ ಯಾವಾಗಲೂ ವಿಲ್ ಬಳಸುವುದಿಲ್ಲ. ಬಳಸದಿದ್ದಾಗ ಕ್ರಿಯಾಪದಕ್ಕೆ ವಚನದ ಚಿಂತೆ ಮತ್ತೆ ಶುರು.

ಮೊದಲನೆಯದು 'ಗೋಯಿಂಗ್ ಟು'. ಮೊದಲೇ ತೀರ್ಮಾನಿಸಿದ ಕೆಲಸಕ್ಕೂ, ಕಣ್ಣೆದುರಿನ ಲಕ್ಷಣ ನೋಡಿ ಹೀಗಾಗುತ್ತದೆ ಎನ್ನಲಿಕ್ಕೂ ಇದು ಬೇಕು. 'ದಿ ಬಾಯ್ ಈಸ್ ಗೋಯಿಂಗ್ ಟು ಪೇಂಟ್ ದಿ ವಾಲ್ಸ್', 'ದಿ ಬಾಯ್ಸ್ ಆರ್ ಗೋಯಿಂಗ್ ಟು ಪೇಂಟ್ ದಿ ವಾಲ್ಸ್'. ಈಸ್, ಆರ್ ತೀರ್ಮಾನವಾಗುವುದು ಬಣ್ಣ ಬಳಿಯುವವರಿಂದ, ಗೋಡೆಗಳಿಂದಲ್ಲ. 'ದೇರ್' ವಾಕ್ಯದಲ್ಲೂ 'ದೇರ್ ಆರ್ ಗೋಯಿಂಗ್ ಟು ಬಿ ಬುಕ್ಸ್'.

ಎರಡನೆಯದು ನಿಗದಿಯಾದ ಏರ್ಪಾಡು: 'ಮೈ ಕಸಿನ್ಸ್ ಆರ್ ಕಮಿಂಗ್ ಆನ್ ಸಂಡೇ'. ಮೂರನೆಯದು ವೇಳಾಪಟ್ಟಿ: 'ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್', 'ದಿ ಟ್ರೇನ್ಸ್ ಲೀವ್ ಅಟ್ ಸಿಕ್ಸ್'. ಎಸ್ ಇಲ್ಲಿ ಅದಲುಬದಲು ಆಡುತ್ತದೆ. ನಾಮಪದಕ್ಕೆ ಎಸ್ ಬಂದರೆ ಕ್ರಿಯಾಪದದಿಂದ ಹೋಗುತ್ತದೆ, ನಾಮಪದದಲ್ಲಿ ಇಲ್ಲದಿದ್ದರೆ ಕ್ರಿಯಾಪದಕ್ಕೆ ಬರುತ್ತದೆ. ಎರಡಕ್ಕೂ ಎಸ್ ಬಿದ್ದು 'ದಿ ಟ್ರೇನ್ಸ್ ಲೀವ್ಸ್' ಆಯಿತೋ, ತಪ್ಪಾಯಿತು. ಚಿಲ್ಡ್ರನ್, ಮೆನ್ ತರಹದ ಪದಗಳಿಗೆ ಈ ಅದಲುಬದಲು ನಂಬಬೇಡಿ. ಅವು ಎಸ್ ಇಲ್ಲದೆಯೂ ಬಹುವಚನವೇ.

ನಾಲ್ಕನೆಯದೇ ಹೆಚ್ಚು ಜನರನ್ನು ಎಡವಿಸುವುದು. ವೆನ್, ಇಫ್, ಬಿಫೋರ್, ಆಫ್ಟರ್, ಅಂಟಿಲ್, ಆಸ್ ಸೂನ್ ಆಸ್ ಇಂದ ಶುರುವಾಗುವ ಸಮಯದ ಅಥವಾ ಷರತ್ತಿನ ತುಂಡಿನಲ್ಲಿ ವಿಲ್ ಬರುವುದಿಲ್ಲ. 'ವೆನ್ ದಿ ಗೆಸ್ಟ್ಸ್ ವಿಲ್ ಅರೈವ್, ವೀ ವಿಲ್ ಓಪನ್ ದಿ ರೂಮ್ಸ್' ತಪ್ಪು. 'ವೆನ್ ದಿ ಗೆಸ್ಟ್ಸ್ ಅರೈವ್, ವೀ ವಿಲ್ ಓಪನ್ ದಿ ರೂಮ್ಸ್' ಸರಿ. ಅತಿಥಿ ಒಬ್ಬರೇ ಆದರೆ 'ವೆನ್ ದಿ ಗೆಸ್ಟ್ ಅರೈವ್ಸ್'. ವಿಲ್ ಇಡೀ ವಾಕ್ಯಕ್ಕೆ ಒಂದೇ ಸಲ, ಮುಖ್ಯ ತುಂಡಿನಲ್ಲಿ ಮಾತ್ರ. 'ಯಾವಾಗ ಬರುತ್ತಾರೆ?' ಎಂದು ನೇರವಾಗಿ ಕೇಳುವ ಪ್ರಶ್ನೆಗೆ ಈ ನಿಷೇಧವಿಲ್ಲ: 'ವೆನ್ ವಿಲ್ ದಿ ಗೆಸ್ಟ್ಸ್ ಅರೈವ್?'

ಈಸ್, ಆರ್ ಆರಿಸುವಾಗ ಪ್ರಿಪೊಸಿಷನ್ ಒಂದು ಬಲೆ ಹೂಡುತ್ತದೆ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಪ್ರಿಪೊಸಿಷನ್ ತನ್ನದೊಂದು ನಾಮಪದವನ್ನು ತಂದು ಕೂರಿಸುತ್ತದೆ. 'ದಿ ಕೀ ಟು ದೀಸ್ ರೂಮ್ಸ್' ಎಂದಾದ ಮೇಲೆ ಕಿವಿಯಲ್ಲಿ ಕೊನೆಗೆ ಉಳಿಯುವುದು 'ರೂಮ್ಸ್', ಹಾಗಾಗಿ ಬಾಯಿ ತಾನಾಗಿ 'ಆರ್ ಗೋಯಿಂಗ್ ಟು' ಎನ್ನುತ್ತದೆ. ಬೀಗದಕೈ ಒಂದೇ ತಾನೇ? 'ದಿ ಕೀ ಟು ದೀಸ್ ರೂಮ್ಸ್ ಈಸ್ ಗೋಯಿಂಗ್ ಟು ಬಿ ಆನ್ ದಿ ಟೇಬಲ್'. ಅನುಮಾನ ಬಂದರೆ ಪ್ರಿಪೊಸಿಷನ್‌ನಿಂದ ಅದರ ನಾಮಪದದವರೆಗಿನ ಭಾಗವನ್ನು ಬೆರಳಲ್ಲಿ ಮುಚ್ಚಿ ಓದಿ. 'ದಿ ಕೀ… ಈಸ್' ಎಂಬುದು ತಾನೇ ಕಾಣುತ್ತದೆ. ಇದಕ್ಕೆ ಹೊರತಾದವು 'ಎ ಲಾಟ್ ಆಫ್' ಮತ್ತು 'ಎ ನಂಬರ್ ಆಫ್'. ಬಹುವಚನದ ಮುಂದೆ ಇವೆರಡೂ 'ಹಲವು' ಎಂಬಷ್ಟೇ ಅರ್ಥ ಕೊಡುವುದರಿಂದ 'ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಗೋಯಿಂಗ್ ಟು ಜಾಯಿನ್' ಎನ್ನಬೇಕು. 'ಎ' ಜಾಗದಲ್ಲಿ 'ದಿ' ಬಂದರೆ ಅದು ಸಂಖ್ಯೆಯ ಮಾತು, ಏಕವಚನ: 'ದಿ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಗೋಯಿಂಗ್ ಟು ರೈಸ್'.

ನಮ್ಮ ಮರ್ಯಾದೆಯ ಬಹುವಚನವೂ ಇಲ್ಲಿ ಕೈಕೊಡುತ್ತದೆ. 'ನಮ್ಮ ಮೇಷ್ಟ್ರು ನಾಳೆ ಬರ್ತಾರೆ, ಅವರು ಪುಸ್ತಕ ತರ್ತಾರೆ' ಎಂಬುದನ್ನು 'ಅವರ್ ಟೀಚರ್ ಆರ್ ಕಮಿಂಗ್ ಟುಮಾರೊ, ದೇ ವಿಲ್ ಬ್ರಿಂಗ್ ಬುಕ್ಸ್' ಎಂದರೆ ಎಷ್ಟು ಜನ ಮೇಷ್ಟ್ರು ಎಂಬ ಗೊಂದಲ. ಒಬ್ಬರಿಗೆ 'ಈಸ್', ಮುಂದೆ 'ಹೀ' ಅಥವಾ 'ಶೀ'. ಇಂಗ್ಲಿಷಿನಲ್ಲಿ ಮರ್ಯಾದೆ ಕ್ರಿಯಾಪದದಲ್ಲಿ ಕೂರುವುದಿಲ್ಲ, ಸಂಕೋಚ ಬೇಡ.

ಸಮಯದ ಪ್ರಿಪೊಸಿಷನ್‌ಗಳು

ಭವಿಷ್ಯದ ವಾಕ್ಯದಲ್ಲಿ ಸಮಯದ ಮಾತು ಬಾರದಿರುವುದು ಅಪರೂಪ. ಸಮಯವೆಂದರೆ ದಿನಗಳು, ವಾರಗಳು, ಗಂಟೆಗಳು, ಎಂದರೆ ಬಹುವಚನ. ಕನ್ನಡದಲ್ಲಿ 'ದಲ್ಲಿ', 'ದೊಳಗೆ', 'ವರೆಗೆ' ನಾಮಪದದ ಹಿಂದೆ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಇವು ಸಂಖ್ಯೆಗೂ ಮುಂಚೆ ನಿಲ್ಲಬೇಕು: 'ಇನ್ ತ್ರೀ ವೀಕ್ಸ್'.

ಈಗಿನಿಂದ ಎಣಿಸಿ ಮೂರು ವಾರ ಕಳೆದ ಮೇಲೆ ಎನ್ನಲು 'ಇನ್ ತ್ರೀ ವೀಕ್ಸ್' ಬಳಸಿ: 'ದಿ ರಿಸಲ್ಟ್ಸ್ ವಿಲ್ ಕಮ್ ಇನ್ ತ್ರೀ ವೀಕ್ಸ್'. ನಾವು 'ಮೂರು ವಾರದ ನಂತರ' ಎನ್ನುವುದರಿಂದ 'ಆಫ್ಟರ್ ತ್ರೀ ವೀಕ್ಸ್' ಎನ್ನುವುದು ರೂಢಿ. ಅರ್ಥವಾಗುತ್ತದೆ, ಆದರೆ 'ಆಫ್ಟರ್' ಚೆನ್ನಾಗಿ ಕೂರುವುದು ಎಣಿಕೆ ಇನ್ನೊಂದು ಘಟನೆಯಿಂದ ಶುರುವಾದಾಗ: 'ತ್ರೀ ವೀಕ್ಸ್ ಆಫ್ಟರ್ ದಿ ಎಕ್ಸಾಮ್ಸ್'. ಮೂರು ವಾರ ಮೀರಬಾರದು ಎಂಬ ಗಡುವು ಇದ್ದರೆ 'ವಿದಿನ್ ತ್ರೀ ವೀಕ್ಸ್'. ಅಷ್ಟೂ ಕಾಲ ಕೆಲಸ ನಡೆಯುತ್ತಲೇ ಇರುತ್ತದೆ ಎಂದರೆ 'ಫಾರ್ ತ್ರೀ ವೀಕ್ಸ್'. ಒಂದೇ 'ತ್ರೀ ವೀಕ್ಸ್', ಮುಂದಿನ ಪದ ಬದಲಾದರೆ ಕೊಟ್ಟ ಮಾತೇ ಬದಲಾಗುತ್ತದೆ. ಕಚೇರಿಯ ಪತ್ರದಲ್ಲಿ ವಿದಿನ್ ಬರೆಯಬೇಕಾದಲ್ಲಿ ಇನ್ ಬರೆದರೆ, ಓದಿದವರು ಮೂರನೆಯ ವಾರ ಮುಗಿಯುವವರೆಗೂ ಎದುರು ನೋಡುವುದಿಲ್ಲ.

'ಬೈ' ಮತ್ತು 'ಅಂಟಿಲ್' ಬೆರೆಸಬೇಡಿ. ಶುಕ್ರವಾರದೊಳಗೆ ಮುಗಿಯುತ್ತದೆ ಎಂದರೆ ಬೈ, ಶುಕ್ರವಾರದವರೆಗೆ ಮುಂದುವರಿಯುತ್ತದೆ ಎಂದರೆ ಅಂಟಿಲ್. 'ದಿ ವರ್ಕರ್ಸ್ ವಿಲ್ ಫಿನಿಶ್ ಬೈ ಫ್ರೈಡೇ', 'ದಿ ವರ್ಕರ್ಸ್ ವಿಲ್ ಸ್ಟೇ ಅಂಟಿಲ್ ಫ್ರೈಡೇ'.

ವಾರದ ಹೆಸರಿಗೂ ಎಸ್ ಸೇರುತ್ತದೆ. 'ಆನ್ ಮಂಡೇ' ಎಂದರೆ ಬರುವ ಸೋಮವಾರ, 'ಆನ್ ಮಂಡೇಸ್' ಎಂದರೆ ಪ್ರತಿ ಸೋಮವಾರ. 'ದಿ ಕ್ಲಾಸಸ್ ವಿಲ್ ಬಿ ಆನ್ ಮಂಡೇಸ್' ಎಂಬಲ್ಲಿ ಎಸ್ ತಪ್ಪಿದರೆ ವಿದ್ಯಾರ್ಥಿಗಳು ಒಂದು ವಾರ ಬಂದು ಸುಮ್ಮನಾಗಬಹುದು. ನೆಕ್ಸ್ಟ್, ದಿಸ್, ಎವೆರಿ, ಟುಮಾರೊ ಇದ್ದಲ್ಲಿ ಇನ್, ಆನ್, ಅಟ್ ಬೇಡವೇ ಬೇಡ: 'ದೇ ವಿಲ್ ಕಮ್ ನೆಕ್ಸ್ಟ್ ವೀಕ್'. 'ಆನ್ ನೆಕ್ಸ್ಟ್ ವೀಕ್' ತಪ್ಪು.

ಎಸ್ ತೆಗೆಯಬೇಕಾದ ಒಂದು ಕಡೆಯೂ ಇದೆ. ಸಂಖ್ಯೆ ಮತ್ತು ಅಳತೆ ಎರಡೂ ಸೇರಿ ಇನ್ನೊಂದು ನಾಮಪದಕ್ಕೆ ವಿಶೇಷಣವಾದಾಗ: 'ಎ ತ್ರೀ-ಡೇ ಟ್ರಿಪ್', 'ಟೂ ಟೆನ್-ಇಯರ್-ಓಲ್ಡ್ ಬಾಯ್ಸ್'. ಡೇಸ್, ಇಯರ್ಸ್ ಅಲ್ಲ. ಹಂಡ್ರೆಡ್, ಥೌಸಂಡ್‌ಗೆ ಮುಂಚೆ ಸಂಖ್ಯೆಯಿದ್ದರೆ ಎಸ್ ಇಲ್ಲ, 'ತ್ರೀ ಹಂಡ್ರೆಡ್ ಪೀಪಲ್ ವಿಲ್ ಕಮ್'. ನೂರಾರು ಜನ ಎಂದು ಅಂದಾಜಿನಲ್ಲಿ ಹೇಳಿದಾಗ ಮಾತ್ರ 'ಹಂಡ್ರೆಡ್ಸ್ ಆಫ್ ಪೀಪಲ್'.

ಸ್ಥಳ ಮತ್ತು ಪ್ರಯಾಣ

ಒಳಗಿದ್ದರೆ ಇನ್, ಮೇಲ್ಮೈಗೆ ತಾಗಿದ್ದರೆ ಆನ್, ಜಾಗವನ್ನು ಒಂದು ಬಿಂದುವಿನಂತೆ ನೋಡಿದರೆ ಅಟ್. 'ದಿ ಬಾಕ್ಸಸ್ ವಿಲ್ ಬಿ ಇನ್ ದಿ ರೂಮ್ಸ್', 'ದಿ ಪೋಸ್ಟರ್ಸ್ ವಿಲ್ ಬಿ ಆನ್ ದಿ ವಾಲ್ಸ್', 'ದಿ ವಾಲಂಟಿಯರ್ಸ್ ವಿಲ್ ವೇಟ್ ಅಟ್ ದಿ ಗೇಟ್ಸ್'. ಕನ್ನಡದ 'ಮೇಲೆ' ಎಲ್ಲ ಕಡೆ ಆನ್ ಆಗುವುದಿಲ್ಲ. ಮರದ ಮೇಲೆ ಕೂತ ಹಕ್ಕಿಗಳು ಇಂಗ್ಲಿಷಿನಲ್ಲಿ 'ಇನ್ ದಿ ಟ್ರೀಸ್', ರೆಂಬೆಗಳ ನಡುವೆ ಇರುವವು. ಮರಕ್ಕೇ ಅಂಟಿದ ಹಣ್ಣು, ಎಲೆಗಳು 'ಆನ್ ದಿ ಟ್ರೀಸ್'.

'ಬಿಟ್ವೀನ್', 'ಅಮಂಗ್' ಬಂದರೆ ಮುಂದೆ ಬಹುವಚನ ಅಥವಾ 'ಆ್ಯಂಡ್' ಇಂದ ಕೂಡಿದ ಎರಡು ಹೆಸರು ಬೇಕು. 'ಬಿಟ್ವೀನ್ ದಿ ಟೂ ಬಿಲ್ಡಿಂಗ್ಸ್', 'ಬಿಟ್ವೀನ್ ದಿ ಡೋರ್ ಆ್ಯಂಡ್ ದಿ ವಿಂಡೋ', 'ಅಮಂಗ್ ದಿ ಸ್ಟೂಡೆಂಟ್ಸ್'. ಗುಂಪಿನೊಳಗೆ ಎಂದಾಗ ಅಮಂಗ್. ಬಿಡಿಬಿಡಿಯಾಗಿ ಗುರುತಿಸಬಹುದಾದವುಗಳ ನಡುವೆ ಎಂದಾಗ, ಅವು ಮೂರು ನಾಲ್ಕಿದ್ದರೂ, ಬಿಟ್ವೀನ್.

ಪ್ರಯಾಣದ ಬಗೆ ಹೇಳುವಾಗ ಜನ ಎಷ್ಟೇ ಇರಲಿ 'ಬೈ ಬಸ್', 'ಆನ್ ಫುಟ್'. ಐವತ್ತು ಜನ ನಡೆದು ಬಂದರೂ 'ಆನ್ ಫೀಟ್' ಅಲ್ಲ. ವಾಹನಗಳನ್ನು ಎಣಿಸಿದ ಕ್ಷಣ ಬೈ ಹೋಗಿ ಇನ್ ಬರುತ್ತದೆ: 'ದಿ ಪ್ಲೇಯರ್ಸ್ ವಿಲ್ ಕಮ್ ಇನ್ ತ್ರೀ ಬಸಸ್'. ಇದಕ್ಕೆ ಎದುರಾದದ್ದು ಮೈಯ ಅಂಗಗಳು ಮತ್ತು ಸ್ವಂತ ವಸ್ತುಗಳು. 'ಎಲ್ಲರೂ ತಲೆ ಮೇಲೆ ಕೈ ಇಡುತ್ತಾರೆ' ಎಂಬಲ್ಲಿ ತಲೆ, ಕೈ ಎರಡೂ ಏಕವಚನ. ಇಂಗ್ಲಿಷ್ ಪ್ರತಿಯೊಬ್ಬರದನ್ನೂ ಎಣಿಸುತ್ತದೆ: 'ದೇ ವಿಲ್ ಪುಟ್ ದೇರ್ ಹ್ಯಾಂಡ್ಸ್ ಆನ್ ದೇರ್ ಹೆಡ್ಸ್'.

ಪ್ರಿಪೊಸಿಷನ್ ಆದ ಮೇಲೆ ಸರ್ವನಾಮ ಬಂದರೆ 'ದೆಮ್', 'ಅಸ್'. 'ವಿತ್ ದೇ', 'ಫಾರ್ ವೀ' ಅಲ್ಲ. ಕ್ರಿಯೆ ಬಂದರೆ 'ಇಂಗ್' ರೂಪ: 'ದೇ ವಿಲ್ ಲೀವ್ ಆಫ್ಟರ್ ಕ್ಲೀನಿಂಗ್ ದಿ ರೂಮ್ಸ್'. ಕೆಲವು ಕ್ರಿಯಾಪದಗಳಿಗೆ ಪ್ರಿಪೊಸಿಷನ್ ಬೇಡವೇ ಬೇಡ: 'ವಿಲ್ ಡಿಸ್ಕಸ್ ದಿ ಪ್ರಾಬ್ಲಮ್ಸ್', 'ವಿಲ್ ರೀಚ್ ದಿ ಸ್ಟೇಷನ್', 'ವಿಲ್ ಅಟೆಂಡ್ ದಿ ಮೀಟಿಂಗ್ಸ್'. 'ಸಮಸ್ಯೆಗಳ ಬಗ್ಗೆ' ಎಂಬ ನಮ್ಮ ಮಾತಿನಿಂದ 'ಡಿಸ್ಕಸ್ ಅಬೌಟ್' ಹುಟ್ಟಿಕೊಂಡಿದೆ. ಬಿಡಲೇಬಾರದವೂ ಇವೆ: ವೇಟ್ ಫಾರ್, ಲಿಸನ್ ಟು, ಡಿಪೆಂಡ್ ಆನ್. ಪ್ರಶ್ನೆಯಲ್ಲಿ ಇವು ಕ್ರಿಯಾಪದದ ಹಿಂದೆಯೇ ಉಳಿದು ವಾಕ್ಯದ ತುದಿಗೆ ಬರುತ್ತವೆ: 'ಹೂ ವಿಲ್ ದಿ ಬಾಯ್ಸ್ ವೇಟ್ ಫಾರ್?' ಕೊನೆಯ ಆ ಫಾರ್ ಬಿಡಬೇಡಿ.

ಒಂದು ವಾಕ್ಯವನ್ನು ಕಟ್ಟುವ ಬಗೆ

'ಮುಂದಿನ ವಾರ ಅವರು ಆ ಪೆಟ್ಟಿಗೆಗಳಲ್ಲಿರುವ ಪುಸ್ತಕಗಳನ್ನು ಹೊಸ ಶೆಲ್ಫ್‌ಗಳ ಮೇಲೆ ಇಡುತ್ತಾರೆ.' ಇದನ್ನು ಎಡದಿಂದ ಬಲಕ್ಕೆ ಪದಪದವಾಗಿ ಸಾಗಿಸಲು ಹೋದರೆ ಖಂಡಿತ ಸಿಕ್ಕಾಗುತ್ತದೆ. ಮೊದಲು ಯಾರು, ಏನು ಮಾಡುತ್ತಾರೆ ಎಂಬುದನ್ನು ಎತ್ತಿಕೊಳ್ಳಿ: 'ದೇ ವಿಲ್ ಪುಟ್'. ಕನ್ನಡದ ಕೊನೆಯ ಪದ ಇಲ್ಲಿ ಎರಡನೆಯ ಜಾಗಕ್ಕೆ ಬಂತು. ಆಮೇಲೆ ಏನನ್ನು: 'ದಿ ಬುಕ್ಸ್'. 'ಅನ್ನು' ಪ್ರತ್ಯಯಕ್ಕೆ ಪ್ರಿಪೊಸಿಷನ್ ಹುಡುಕಬೇಡಿ, ಕ್ರಿಯಾಪದದ ಹಿಂದೆ ನಿಂತರೆ ಸಾಕು. ಎಲ್ಲಿ: 'ಆನ್ ದಿ ನ್ಯೂ ಶೆಲ್ವ್ಸ್'. ಶೆಲ್ಫ್ ಬಹುವಚನದಲ್ಲಿ ಶೆಲ್ವ್ಸ್. 'ನ್ಯೂ' ಪದಕ್ಕೆ ಎಸ್ ಇಲ್ಲ, ವಿಶೇಷಣಕ್ಕೆ ಬಹುವಚನವೇ ಇಲ್ಲ. ಯಾವಾಗ ಎಂಬುದು ಕೊನೆಗೆ: 'ನೆಕ್ಸ್ಟ್ ವೀಕ್'. ಕನ್ನಡ ಕಾಲದಿಂದ ಶುರುಮಾಡುತ್ತದೆ. ಇಂಗ್ಲಿಷಿನಲ್ಲಿ ಸ್ಥಳವಾದ ಮೇಲೆ ಕಾಲ ಎಂಬುದೇ ಸಾಮಾನ್ಯ ಕ್ರಮ.

ಉಳಿದದ್ದು 'ಆ ಪೆಟ್ಟಿಗೆಗಳಲ್ಲಿರುವ'. ಇದು ಪುಸ್ತಕಗಳ ವಿವರ, ಹಾಗಾಗಿ ಬುಕ್ಸ್ ಆದ ಮೇಲೆ ಬರಬೇಕು: 'ದೇ ವಿಲ್ ಪುಟ್ ದಿ ಬುಕ್ಸ್ ಇನ್ ದೋಸ್ ಬಾಕ್ಸಸ್ ಆನ್ ದಿ ನ್ಯೂ ಶೆಲ್ವ್ಸ್ ನೆಕ್ಸ್ಟ್ ವೀಕ್'. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೂ ಇದನ್ನು ಹೀಗೇ ಬಿಡಬಾರದು. 'ಪುಟ್ ದಿ ಬುಕ್ಸ್ ಇನ್ ದೋಸ್ ಬಾಕ್ಸಸ್' ತನಕ ಓದಿದವರು ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬುತ್ತಾರೆ ಎಂದು ತಿಳಿಯುತ್ತಾರೆ, ಎಂದರೆ ನೀವು ಹೇಳಬೇಕೆಂದದ್ದಕ್ಕೆ ನೇರ ವಿರುದ್ಧ. 'ಇನ್' ಪುಸ್ತಕಕ್ಕೆ ಸೇರಿದ್ದೋ ಇಡುವ ಕ್ರಿಯೆಗೆ ಸೇರಿದ್ದೋ ಎಂದು ತೋರಿಸುವ ಪ್ರತ್ಯಯ ಇಂಗ್ಲಿಷಿನಲ್ಲಿಲ್ಲ. ನಮ್ಮ 'ಇರುವ' ಎಂಬ ಒಂದು ತುಣುಕು ಮಾಡುವ ಕೆಲಸ ಅದು. ಎರಡು ಪ್ರಿಪೊಸಿಷನ್ ಹೀಗೆ ಒಂದರ ಹಿಂದೊಂದು ಬಂದು ಅರ್ಥ ತೂಗಾಡಿದಾಗ ಕ್ರಿಯಾಪದವನ್ನೇ ಬದಲಿಸಿ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಬಿಡಿಸಿ ಹೇಳಿ: 'ದೇ ವಿಲ್ ಮೂವ್ ದಿ ಬುಕ್ಸ್ ಫ್ರಮ್ ದೋಸ್ ಬಾಕ್ಸಸ್ ಟು ದಿ ನ್ಯೂ ಶೆಲ್ವ್ಸ್ ನೆಕ್ಸ್ಟ್ ವೀಕ್'.